ಕೊನೆಯ ಪದರದ ಪ್ರಶ್ನೆ: ಕಾರ್ಬನ್ ಫೈಬರ್ ಶೀಟಿಗೆ ಸಣ್ಣ ವರ್ಕ್‌ಶಾಪಿನಲ್ಲಿ ತೂತು ಕೊರೆಯುವ ಬಗೆ

ವಿಷಯ ಮತ್ತು ವ್ಯಾಪ್ತಿ

ವಿಜಯಪುರದ ಸಿದ್ಧೇಶ್ವರ ಗುಡಿಯ ಸುತ್ತಲಿನ ಪೇಟೆ, ಅಥಣಿ ರಸ್ತೆಯ ತಿಕೋಟಾ, ಜಮಖಂಡಿ ರಸ್ತೆಯ ಬಬಲೇಶ್ವರ, ಈ ಮೂರೂ ಕಡೆ ಕಬ್ಬಿಣದ ಕೆಲಸಕ್ಕೆ ಕೊರತೆಯಿಲ್ಲ. ದ್ರಾಕ್ಷಿ ತೋಟದ ಆ್ಯಂಗಲ್ಲು, ಒಣದ್ರಾಕ್ಷಿ ಶೆಡ್ಡಿನ ಪೈಪು, ಟ್ರ್ಯಾಕ್ಟರ್ ಟ್ರಾಲಿಯ ಪಾಟಿ ಇವೆಲ್ಲ ಇಂಥ ಊರುಗಳ ವೆಲ್ಡಿಂಗ್ ಅಂಗಡಿಗಳಲ್ಲೇ ಕೊಯ್ದು, ಕೊರೆದು, ಕೂಡಿಸುವ ಸಾಮಾನು. ಇದೇ ಸಲಕರಣೆ, ಇದೇ ಕೈಗಳಿಂದ ಕಾರಿಗೆ ಕಾರ್ಬನ್ ಫೈಬರಿನ ಬಿಡಿಭಾಗ ಮಾಡಿಕೊಳ್ಳಬೇಕೆಂದು ಹೊರಟವರಿಗೆ ಮೊದಲು ಅಡ್ಡ ಬರುವುದು ಬೋಲ್ಟಿನ ತೂತು. ಶೀಟನ್ನು ಅಳತೆಗೆ ಕೊಯ್ದು ಅಂಚು ಉಜ್ಜಿಕೊಳ್ಳುವುದು ಒಂದಿಷ್ಟು ತಾಳ್ಮೆಯ ಕೆಲಸ. ತೂತು ಹಾಗಲ್ಲ. ಮೇಲಿನಿಂದ ಚೊಕ್ಕವಾಗಿ ಕಂಡ ತೂತು, ಶೀಟು ತಿರುವಿದಾಗ ಹಿಂಬದಿಯಲ್ಲಿ ನಾರು ಎದ್ದು, ಪದರ ಬಿಚ್ಚಿ, ಹರಿದುಹೋಗಿರುತ್ತದೆ.

ಈ ಟಿಪ್ಪಣಿಯ ವಾದ ಇಷ್ಟು. ತೂತು ಕೆಡುವುದು ಯಂತ್ರ ಅಗ್ಗದ್ದು ಎಂಬ ಕಾರಣಕ್ಕಲ್ಲ. ಉಕ್ಕಿನ ಮೇಲೆ ಪಳಗಿದ ಕೈ ಒತ್ತುವ ರೀತಿ ಈ ವಸ್ತುವಿಗೆ ಒಗ್ಗುವುದಿಲ್ಲ. ಅದರ ಪರಿಣಾಮ ಶೀಟಿನ ಕೊನೆಯ ಕಾಲು ಮಿಲಿಮೀಟರಿನಲ್ಲಿ ಕಾಣಿಸಿಕೊಳ್ಳುತ್ತದೆ. ಒತ್ತಡವನ್ನು ಅಳೆದು ಇಳಿಸಿ, ಶೀಟಿನ ಹಿಂದೆ ಗಟ್ಟಿ ಆಸರೆ ಕೊಟ್ಟರೆ ಸಾಮಾನ್ಯ ಕೈ ಡ್ರಿಲ್ಲಿನಲ್ಲೂ ಒಪ್ಪುವಂಥ ತೂತು ಬರುತ್ತದೆ. ಇದನ್ನು ಪ್ರಕಟಿತ ಸೂತ್ರವೊಂದರ ಲೆಕ್ಕದಿಂದ ತೋರಿಸಿ, ಆ ಲೆಕ್ಕಕ್ಕೆ ಹೊಂದುವ ಕೆಲಸದ ಕ್ರಮವನ್ನು ಮುಂದೆ ವಿವರಿಸಿದೆ.

ಹಿನ್ನೆಲೆ

ಮೋಟಾರು ಜಗತ್ತಿನಲ್ಲಿ ಕಾರ್ಬನ್ ಫೈಬರಿಗೆ ಹೆಸರು ತಂದದ್ದು 1981ರ ಮೆಕ್‌ಲಾರೆನ್ ಎಂಪಿ4/1 ರೇಸ್ ಕಾರು. ಜಾನ್ ಬರ್ನಾರ್ಡ್ ವಿನ್ಯಾಸ ಮಾಡಿದ ಆ ಕಾರಿನ ಒಡಲನ್ನು ಅಮೆರಿಕದ ಹರ್ಕ್ಯುಲಿಸ್ ಕಂಪನಿ ತಯಾರಿಸಿಕೊಟ್ಟಿತು. ಕರ್ನಾಟಕದಲ್ಲಿ ಈ ವಿದ್ಯೆ ಬೇರುಬಿಟ್ಟದ್ದು ಕಾರಿನ ಮೂಲಕವಲ್ಲ, ವಿಮಾನದ ಮೂಲಕ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡ 45ರಷ್ಟು ಇಂಥ ಸಂಯುಕ್ತ ವಸ್ತುಗಳದ್ದು. ಅದರ ರೆಕ್ಕೆ ಮತ್ತು ಬಾಲದ ಭಾಗಗಳಿಗೆ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಬಳಸಿದ ಕ್ರಮವೊಂದು ನಮ್ಮ ಚರ್ಚೆಗೆ ಬೇಕಾದದ್ದು. ಹೊರಗಿನ ಹಾಳೆಯನ್ನೂ ಒಳಗಿನ ಆಸರೆಯ ಪಟ್ಟಿಗಳನ್ನೂ ಬಿಡಿಬಿಡಿಯಾಗಿ ಮಾಡಿ ರಿವೆಟ್ ಹೊಡೆಯುವ ಬದಲು, ಎರಡನ್ನೂ ಒಟ್ಟಿಗೆ ಬೇಯಿಸಿ ಒಂದೇ ತುಂಡಾಗಿ ತೆಗೆಯುವ ಕ್ರಮವದು. ತೂಕ ಉಳಿಯುತ್ತದೆ, ಜೊತೆಗೆ ಕೊರೆಯಬೇಕಾದ ತೂತುಗಳೂ ಕಡಿಮೆಯಾಗುತ್ತವೆ. ಪ್ರತಿ ತೂತೂ ನಾರನ್ನು ಕಡಿಯುತ್ತದೆ. ಹಾಗಾಗಿ ಮನೆಯಲ್ಲಿ ಕೆಲಸ ಮಾಡುವವನೂ ಡ್ರಿಲ್ ಎತ್ತಿಕೊಳ್ಳುವ ಮುನ್ನ, ಈ ಜಾಗದಲ್ಲಿ ಅಂಟು ಸಾಕಾಗದೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ವಿಜಯಪುರದಲ್ಲಿ 1980ರಲ್ಲಿ ಆರಂಭವಾದ, ಫ.ಗು. ಹಳಕಟ್ಟಿಯವರ ಹೆಸರಿನ ಬಿಎಲ್‌ಡಿಇ ಸಂಸ್ಥೆಯ ಎಂಜಿನಿಯರಿಂಗ್ ಕಾಲೇಜು ಇದೆ. ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸ್ವತಃ ವಾಹನ ಕಟ್ಟಿ ಓಡಿಸುವ ಬಾಹಾ ಸ್ಪರ್ಧೆಯನ್ನು ಎಸ್‌ಎಇ ಇಂಡಿಯಾ 2007ರಿಂದ ನಡೆಸುತ್ತ ಬಂದಿದೆ. ಇಂಥ ವಾಹನ ಕಟ್ಟುವ ವಿದ್ಯಾರ್ಥಿಗೂ, ಗ್ಯಾರೇಜಿನ ಫಿಟ್ಟರನಿಗೂ, ತನ್ನ ಹಳೆಯ ಕಾರಿನ ಡ್ಯಾಶ್‌ಬೋರ್ಡಿಗೆ ಹೊಸ ಸ್ವಿಚ್ ಫಲಕ ಮಾಡಿಕೊಳ್ಳುವ ಹವ್ಯಾಸಿಗೂ ಎದುರಾಗುವ ಪ್ರಶ್ನೆ ಒಂದೇ: ಹಿಂಬದಿ ಕೆಡದಂತೆ ತೂತು ಕೊರೆಯುವುದು ಹೇಗೆ?

ಕೈಗೆ ಬಂದ ಶೀಟು ಯಾವುದು

ಮೊದಲ ಪರೀಕ್ಷೆ ವಸ್ತುವಿನದ್ದು. ಕಾರಿನ ಅಲಂಕಾರ ಸಾಮಾನಿನ ಅಂಗಡಿಗಳಲ್ಲಿ ‘ಕಾರ್ಬನ್’ ಎಂದು ಮಾರುವುದರಲ್ಲಿ ಹೆಚ್ಚಿನದು ನೇಯ್ಗೆಯ ಚಿತ್ರವಿರುವ ವಿನೈಲ್ ಸ್ಟಿಕ್ಕರ್, ಇಲ್ಲವೇ ಮೇಲೆ ಆ ವಿನ್ಯಾಸ ಮೂಡಿಸಿದ ಎಬಿಎಸ್ ಪ್ಲಾಸ್ಟಿಕ್ಕು. ಅಂಚನ್ನು ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಮಲ್ಟಿಮೀಟರಿನ ಎರಡು ಕಡ್ಡಿ ಇಟ್ಟರೆ, ನಿಜವಾದ ಕಾರ್ಬನ್ ಶೀಟು ವಿದ್ಯುತ್ತನ್ನು ಹಾಯಿಸುತ್ತದೆ; ಪ್ಲಾಸ್ಟಿಕ್ ಹಾಯಿಸುವುದಿಲ್ಲ. ಕೊರೆದಾಗ ಬರುವ ಪುಡಿಯೂ ಗುರುತು ಹೇಳುತ್ತದೆ. ಪ್ಲಾಸ್ಟಿಕ್ ಸುರುಳಿ ಸುರುಳಿಯಾಗಿ ಬಿಟ್‌ಗೆ ಸುತ್ತಿಕೊಂಡರೆ, ಕಾರ್ಬನ್ ಶೀಟಿನಿಂದ ಬೀಳುವುದು ಸಣ್ಣ ಕಪ್ಪು ಹಿಟ್ಟು.

ನಿಜವಾದ ಶೀಟಿನ ಒಳರಚನೆಯನ್ನು ಅಂಕೆಯಲ್ಲಿ ಹೇಳುವುದಾದರೆ, ಒಂದು ನಾರಿನ ದಪ್ಪ 5ರಿಂದ 7 ಮೈಕ್ರಾನ್. ಕಾರಿನ ಕೆಲಸಕ್ಕೆ ಹೆಚ್ಚಾಗಿ ಬಳಸುವ, ಚದರ ಮೀಟರಿಗೆ ಸುಮಾರು 200 ಗ್ರಾಂ ತೂಗುವ ನೇಯ್ದ ಬಟ್ಟೆ ಎಪಾಕ್ಸಿ ಅಂಟಿನಲ್ಲಿ ಗಟ್ಟಿಯಾದ ಮೇಲೆ 0.22ರಿಂದ 0.25 ಮಿ.ಮೀ. ದಪ್ಪದ ಒಂದು ಪದರವಾಗುತ್ತದೆ. ಎರಡು ಮಿ.ಮೀ. ಶೀಟಿನಲ್ಲಿ ಇಂಥ ಎಂಟೊಂಬತ್ತು ಪದರಗಳು. ಚದರ ಮೀಟರಿಗೆ ಇದರ ತೂಕ 3 ಕೆ.ಜಿ.ಗಿಂತ ತುಸು ಹೆಚ್ಚು, 0.8 ಮಿ.ಮೀ. ಉಕ್ಕಿನ ತಗಡು ಅಷ್ಟೇ ಜಾಗಕ್ಕೆ 6 ಕೆ.ಜಿ. ದಾಟುತ್ತದೆ. ಎಳೆದರೆ ಈ ಶೀಟು ಬಹಳ ಗಟ್ಟಿ, ಏಕೆಂದರೆ ಎಳೆತವನ್ನು ನಾರು ಹೊರುತ್ತದೆ. ಪದರದಿಂದ ಪದರವನ್ನು ಎಬ್ಬಿಸುವ ಬಲವನ್ನು ತಡೆಯುವುದು ಮಾತ್ರ ನಡುವಿನ ತೆಳ್ಳನೆಯ ಅಂಟು. ಬಿಟ್ ಒತ್ತುವುದು ಸರಿಯಾಗಿ ಆ ದಿಕ್ಕಿನಲ್ಲೇ.

ತೂತು ಎಲ್ಲಿ ಕೆಡುತ್ತದೆ

ಬಿಟ್ ಒಳಗೆ ಇಳಿಯುವಾಗ ಅದರ ಸುರುಳಿ ಅಂಚು ಮೇಲಿನ ಪದರವನ್ನು ಮೇಲಕ್ಕೆ ಸೆಳೆಯುತ್ತದೆ. ಹೊರಗೆ ಬರುವಾಗ ಬಿಟ್‌ನ ತುದಿ ಉಳಿದ ಪದರವನ್ನು ಕೆಳಕ್ಕೆ ತಳ್ಳುತ್ತದೆ. ಎರಡನೆಯದರ ಹಾನಿಯೇ ದೊಡ್ಡದು. ಭೂತಗನ್ನಡಿಯಲ್ಲಿ ಕೆಟ್ಟ ತೂತಿನ ಹಿಂಬದಿಯನ್ನು ನೋಡಿದರೆ ಮೂರು ಸಂಗತಿ ಬೇರೆ ಬೇರೆಯಾಗಿ ಕಾಣುತ್ತವೆ: ಕತ್ತರಿಸದೆ ಉಳಿದು ತೂತಿನೊಳಕ್ಕೆ ಬಾಗಿರುವ ನಾರಿನ ಕುಚ್ಚು, ತೂತಿನ ಅಂಚಿನಲ್ಲಿ ನೇಯ್ಗೆಯ ಒಂದು ಕಟ್ಟು ಪೂರ್ತಿ ಎದ್ದುಹೋಗಿ ಬಿಟ್ಟ ಚೌಕನೆಯ ಗುಳಿ, ಅದರ ಸುತ್ತ ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವ, ತುಸು ಬಿಳಿಚಿದ ಉಂಗುರ. ಮೊದಲನೆಯದನ್ನು ಅರದಿಂದ ಉಜ್ಜಿ ತೆಗೆಯಬಹುದು. ಮೂರನೆಯದೇ ಅಪಾಯದ್ದು, ಅಲ್ಲಿ ಪದರಗಳ ನಡುವಿನ ಅಂಟು ಬಿಟ್ಟಿರುತ್ತದೆ. ಹಾನಿಯ ಗರಿಷ್ಠ ವ್ಯಾಸವನ್ನು ತೂತಿನ ವ್ಯಾಸದಿಂದ ಭಾಗಿಸಿ ಪಡೆಯುವ ಅನುಪಾತವನ್ನು 1997ರಿಂದ ಈಚೆಗಿನ ಅಧ್ಯಯನಗಳು ಹಾನಿಯ ಅಳತೆಯಾಗಿ ಬಳಸುತ್ತಿವೆ. ಪಕ್ಕದಲ್ಲಿ ಸ್ಕೇಲು ಇಟ್ಟು ಮೊಬೈಲಿನಲ್ಲಿ ಫೋಟೊ ತೆಗೆದರೆ ಈ ಅನುಪಾತವನ್ನು ಯಾರಾದರೂ ಲೆಕ್ಕ ಹಾಕಬಹುದು. 6 ಮಿ.ಮೀ. ತೂತಿನ ಸುತ್ತಲಿನ ಉಂಗುರ 7.5 ಮಿ.ಮೀ. ಇದ್ದರೆ ಅನುಪಾತ 1.25. ಅದು 1ಕ್ಕೆ ಹತ್ತಿರವಾದಷ್ಟೂ ತೂತು ಒಳ್ಳೆಯದು.

ಕೊನೆಯ ಪದರ ಎಷ್ಟು ಬಲಕ್ಕೆ ಬಿಚ್ಚಿಕೊಳ್ಳುತ್ತದೆ ಎಂಬುದಕ್ಕೆ ಹೋ-ಚೆಂಗ್ ಮತ್ತು ಧರನ್ 1990ರಲ್ಲಿ ಒಂದು ಸೂತ್ರ ಪ್ರಕಟಿಸಿದರು. ಬಿಟ್‌ನ ಕೆಳಗೆ ಉಳಿದಿರುವ ಪದರಗಳನ್ನು ಸುತ್ತಲೂ ಹಿಡಿದಿಟ್ಟ ಒಂದು ದುಂಡು ತಟ್ಟೆಯೆಂದು ಭಾವಿಸಿ, ಅದರ ನಡುವೆ ಬಿಟ್ ಒತ್ತುತ್ತದೆಂದು ಅವರು ಲೆಕ್ಕ ಹಾಕಿದರು. ಉತ್ತರದ ಸಾರ ಇದು: ಬಿಚ್ಚಲು ಬೇಕಾದ ಬಲ ಉಳಿದ ದಪ್ಪದ ಒಂದೂವರೆ ಘಾತಕ್ಕೆ ಅನುಗುಣವಾಗಿ ಏರಿಳಿಯುತ್ತದೆ. ನೇಯ್ದ ಕಾರ್ಬನ್ ಶೀಟಿಗೆ ಹೊಂದುವ ಉದಾಹರಣೆಯ ಬೆಲೆಗಳನ್ನು, ಅಂದರೆ 60 ಗಿಗಾಪಾಸ್ಕಲ್ ಬಿಗುವು ಮತ್ತು ಚದರ ಮೀಟರಿಗೆ 300 ಜೂಲ್ ಬಿರುಕು ನಿರೋಧವನ್ನು, ಆ ಸೂತ್ರದಲ್ಲಿ ಇಟ್ಟು ನೋಡಿದೆ. ಬಿಟ್‌ನ ಕೆಳಗೆ 1 ಮಿ.ಮೀ. ಉಳಿದಿರುವಾಗ ಸುಮಾರು 690 ನ್ಯೂಟನ್, ಅಂದರೆ 70 ಕೆ.ಜಿ. ಭಾರ ಬೇಕು. ಅರ್ಧ ಮಿ.ಮೀ. ಉಳಿದಾಗ 25 ಕೆ.ಜಿ. ಕೊನೆಯ ಒಂದೇ ಪದರ, 0.25 ಮಿ.ಮೀ. ಉಳಿದಾಗ 86 ನ್ಯೂಟನ್, ಹೆಚ್ಚುಕಡಿಮೆ 9 ಕೆ.ಜಿ. ಇಡೀ ಒತ್ತಡ ಒಂದೇ ಬಿಂದುವಿನಲ್ಲಿ ಬೀಳುತ್ತದೆ ಎಂಬುದು ಈ ಸೂತ್ರದ ಗ್ರಹಿಕೆ. ನಿಜವಾದ ಬಿಟ್‌ನಲ್ಲಿ ಅದು ಅಂಚಿಗೂ ಹಂಚಿಕೊಳ್ಳುತ್ತದೆ. ಆದ್ದರಿಂದ ಈ ಅಂಕೆಗಳನ್ನು ಕಟ್ಟುನಿಟ್ಟಿನ ಗಡಿಯೆಂದು ಓದದೆ, ಇಳಿತದ ವೇಗ ತೋರಿಸುವ ಸೂಚಕಗಳೆಂದು ಓದಬೇಕು. ಒಂದು ಮಿಲಿಮೀಟರಿನ ಮುಕ್ಕಾಲು ಭಾಗ ಕೊರೆಯುವಷ್ಟರಲ್ಲಿ ಶೀಟು ತಾಳಿಕೊಳ್ಳುವ ಬಲ ಎಂಟನೆಯ ಒಂದು ಭಾಗಕ್ಕೆ ಇಳಿದಿರುತ್ತದೆ, ಒತ್ತುವ ಕೈಗೆ ಮಾತ್ರ ಅದರ ಸುಳಿವೇ ಸಿಕ್ಕಿರುವುದಿಲ್ಲ.

ಉಕ್ಕಿನ ಕೈ, ಕಾರ್ಬನ್ನಿನ ಕೈ

ಉಕ್ಕಿಗೆ ತೂತು ಹಾಕಲು ಕಲಿಯುವ ಹುಡುಗನಿಗೆ ಮಿಸ್ತ್ರಿ ಹೇಳುವ ಮೊದಲ ಪಾಠ, ‘ಒತ್ತಿ ಹಿಡೀಲೇ ತಮ್ಮಾ, ಬಿಟ್ ತಿನ್ನಬೇಕು.’ ಉಕ್ಕಿನ ಮಟ್ಟಿಗೆ ಇದು ಸರಿಯಾದ ಪಾಠ. ಒತ್ತದಿದ್ದರೆ ಬಿಟ್ ಬರೀ ಉಜ್ಜಿ, ಕಾದು, ಮೊಂಡಾಗುತ್ತದೆ. ಒತ್ತಿದರೆ ಲೋಹ ಮಣಿದು ಸುರುಳಿಯಾಗಿ ಬರುತ್ತದೆ, ಹಿಂಬದಿಯಲ್ಲಿ ಏಳುವುದು ಅರ ಹಾಕಿದರೆ ಹೋಗುವ ಬರ್ ಮಾತ್ರ. ಕಾರ್ಬನ್ ಶೀಟಿಗೆ ಮಣಿಯುವ ಗುಣವಿಲ್ಲ, ಮುರಿಯುವ ಗುಣವಿದೆ.

ಹಾಗೆಂದು ಅದೇ ಮಿಸ್ತ್ರಿಯ ವಿದ್ಯೆ ಇಲ್ಲಿ ನಿರುಪಯೋಗಿಯಲ್ಲ. ತೆಳ್ಳನೆಯ ಜಿಐ ತಗಡಿಗೆ ತೂತು ಹಾಕುವಾಗ ಆತ ಕೆಳಗೆ ಕಟ್ಟಿಗೆಯ ತುಂಡು ಇಡುತ್ತಾನೆ, ಬಿಟ್ ಪಾರಾಗುವ ಹೊತ್ತಿಗೆ ಕೈ ಸಡಿಲಿಸುತ್ತಾನೆ. ಇಲ್ಲದಿದ್ದರೆ ತಗಡು ಸಿಕ್ಕಿಕೊಂಡು ತಿರುಗಿ ಕೈ ಕೊಯ್ಯುತ್ತದೆಂದು ಆತನಿಗೆ ಗೊತ್ತು. ಕಾರ್ಬನ್ ಶೀಟಿಗೆ ಬೇಕಾದದ್ದು ಈ ಎರಡು ರೂಢಿಗಳೇ. ವ್ಯತ್ಯಾಸವಿಷ್ಟೆ: ತಗಡಿನಲ್ಲಿ ಕೊನೆಗೆ ಬರುವ ಸಡಿಲು ಇಲ್ಲಿ ಮೊದಲಿನಿಂದಲೂ ಇರಬೇಕು.

ಒತ್ತಡ ಅಳೆಯಲು ದುಬಾರಿ ಉಪಕರಣ ಬೇಡ. ಮನುಷ್ಯರು ನಿಂತು ತೂಕ ನೋಡಿಕೊಳ್ಳುವ, ಮುಳ್ಳು ತಿರುಗುವ ಮಷೀನಿನ ಮೇಲೆ ದಪ್ಪ ಹಲಗೆಯಿಟ್ಟು, ಅದರ ಮೇಲೆ ರದ್ದಿ ಶೀಟನ್ನು ಬಿಗಿದು, ಮುಳ್ಳನ್ನು ಸೊನ್ನೆಗೆ ತಂದು ಕೊರೆದರೆ, ಕೈ ಎಷ್ಟು ಕೆ.ಜಿ. ಒತ್ತುತ್ತಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಡಿಜಿಟಲ್ ಮಷೀನು ಅಂಕೆಯನ್ನು ತಡೆದು ತೋರಿಸುವುದರಿಂದ ಮುಳ್ಳಿನದೇ ಮೇಲು. ಡ್ರಿಲ್ಲಿನ ಸ್ವಂತ ತೂಕವೇ ಒಂದೂವರೆ ಎರಡು ಕೆ.ಜಿ. ಇರುತ್ತದೆ ಎಂಬುದನ್ನೂ ನೆನಪಿಡಬೇಕು. ನೆಟ್ಟಗೆ ಹಿಡಿದ ಡ್ರಿಲ್ಲಿಗೆ ಅದರ ಭಾರದ ಮೇಲೆ ಸ್ವಲ್ಪವೇ ಒತ್ತು ಸೇರಿಸಿ, ಮುಳ್ಳು 5 ಕೆ.ಜಿ. ಆಸುಪಾಸಿನಲ್ಲಿ ನಿಲ್ಲುವಂತೆ ಅಭ್ಯಾಸ ಮಾಡಿಕೊಂಡರೆ, ಮೇಲಿನ ಲೆಕ್ಕದ 9 ಕೆ.ಜಿ.ಗಿಂತ ಕೆಳಗೆ ಉಳಿದಂತಾಯಿತು.

ಇನ್ನೊಂದು ಅಳತೆ ಹೊತ್ತಿನದ್ದು. 6 ಮಿ.ಮೀ. ಬಿಟ್‌ನ ಮಾಮೂಲು 118 ಡಿಗ್ರಿ ತುದಿಯ ಎತ್ತರ 1.8 ಮಿ.ಮೀ. ಎರಡು ಮಿ.ಮೀ. ಶೀಟನ್ನು ಪೂರ್ತಿ ದಾಟಲು ಬಿಟ್ 3.8 ಮಿ.ಮೀ. ಇಳಿಯಬೇಕು. ಪೂರ್ಣ ವೇಗದಲ್ಲಿ ನಿಮಿಷಕ್ಕೆ 2,800 ಸುತ್ತು ತಿರುಗುವ ಡ್ರಿಲ್ಲಿನಲ್ಲಿ ಸುತ್ತಿಗೆ 0.03 ಮಿ.ಮೀ.ನಂತೆ ಇಳಿಸಿದರೆ ಇದಕ್ಕೆ 2.7 ಸೆಕೆಂಡು ಹಿಡಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಪಾರಾದರೆ ಇಳಿತ ಸುತ್ತಿಗೆ 0.08 ಮಿ.ಮೀ. ದಾಟಿತೆಂದೇ ಅರ್ಥ, ಅದು ಅತಿ. ತದ್ವಿರುದ್ಧವಾಗಿ ಹತ್ತು ಹದಿನೈದು ಸೆಕೆಂಡು ಒಂದೇ ಕಡೆ ತಿರುಗಿಸಿದರೆ ಬಿಟ್ ಕೊರೆಯದೆ ಉಜ್ಜುತ್ತಿದೆ, ಎಪಾಕ್ಸಿ ಕಾಯುತ್ತಿದೆ. ಮೂರು ಎಣಿಸುವಷ್ಟು ಹೊತ್ತು ಎಂಬುದು ಅಂಗಡಿಯಲ್ಲಿ ನೆನಪಿಡಲು ಸಾಕು.

ಕೊರೆಯುವ ಕ್ರಮ

ಬಿಟ್ ಹರಿತವಾಗಿರಬೇಕು, ಅದೂ ಪೂರ್ತಿ ಕಾರ್ಬೈಡಿನದ್ದಾಗಿರಬೇಕು. ಎಚ್‌ಎಸ್‌ಎಸ್ ಬಿಟ್ ಮೊದಲ ಕೆಲವು ತೂತು ಚೆನ್ನಾಗಿ ಹಾಕಿಕೊಡುತ್ತದೆ, ಆಮೇಲೆ ಈ ನಾರು ಅದರ ಅಂಚನ್ನು ಬಹುಬೇಗ ಸವೆಸುತ್ತದೆ. ಸವೆದ ಬಿಟ್‌ಗೆ ಹೆಚ್ಚು ಒತ್ತಬೇಕು, ಒತ್ತಿದರೆ ಪದರ ಬಿಚ್ಚುತ್ತದೆ. ಗೋಡೆ ಕೊರೆಯುವ ಬಿಟ್‌ಗೂ ಕಾರ್ಬೈಡ್ ತುದಿ ಇರುತ್ತದಾದರೂ ಅದು ಕಲ್ಲನ್ನು ಕುಟ್ಟಿ ಪುಡಿ ಮಾಡಲು ಮೊಂಡಾಗಿಯೇ ಮಾಡಿದ್ದು, ಇಲ್ಲಿಗೆ ಸಲ್ಲದು. ಡ್ರಿಲ್ಲಿನ ಹ್ಯಾಮರ್ ಗುಂಡಿ ಬಂದ್ ಇರಲೇಬೇಕು.

ಒತ್ತಡದ ದೊಡ್ಡ ಪಾಲು ಹುಟ್ಟುವುದು ಬಿಟ್‌ನ ತುದಿಯ ನಡುವಿನ ಮೊಂಡು ಗೆರೆಯಿಂದ. ಅದು ಕತ್ತರಿಸುವುದಿಲ್ಲ, ನೂಕುತ್ತದೆ. ಮೊದಲು 2 ಮಿ.ಮೀ. ತೂತು ಹಾಕಿ, ನಂತರ 6 ಮಿ.ಮೀ. ಬಿಟ್ ಇಳಿಸಿದರೆ ಆ ಗೆರೆಗೆ ನೂಕಲು ಏನೂ ಸಿಗುವುದಿಲ್ಲ. ಕೈ ಡ್ರಿಲ್ಲಿನವರಿಗೆ ಈ ಎರಡು ಹಂತದ ಕ್ರಮವೇ ಎಲ್ಲಕ್ಕಿಂತ ಹೆಚ್ಚು ಲಾಭ ಕೊಡುತ್ತದೆ. ಸೆಂಟರ್ ಪಂಚ್ ಹೊಡೆಯಬಾರದು, ಆ ಏಟಿಗೇ ಕೆಳಗಿನ ಪದರ ಬಿರಿಯುತ್ತದೆ. ಎರಡೂ ಮೈಗೆ ಮಾಸ್ಕಿಂಗ್ ಟೇಪು ಹಚ್ಚಿ, ಅದರ ಮೇಲೆ ಪೆನ್ನಿನಿಂದ ಗುರುತು ಮಾಡಿಕೊಂಡು, ಬಿಟ್ ಜಾರದಂತೆ ತೂತಿರುವ ಕಟ್ಟಿಗೆಯ ಪಟ್ಟಿಯೊಂದನ್ನು ಮೇಲೆ ಬಿಗಿಯಬೇಕು.

ಹಿಂದಿನ ಆಸರೆ ಸಪಾಟಾಗಿರಬೇಕು, ಶೀಟಿಗೆ ಅಂಟಿ ನಿಂತಿರಬೇಕು, ಪ್ರತಿ ತೂತಿಗೂ ಹೊಸ ಜಾಗದ್ದಾಗಿರಬೇಕು. ಪ್ಲೈವುಡ್ ಅಥವಾ ಎಂಡಿಎಫ್ ಹಲಗೆ ಸಾಕು. ಹಳೆಯ ತೂತಿನ ಮೇಲೆಯೇ ಶೀಟು ಇಟ್ಟರೆ ಆಸರೆ ಇದ್ದೂ ಇಲ್ಲದಂತೆ. ಸಿ-ಕ್ಲ್ಯಾಂಪಿನಿಂದ ತೂತಿನ ಪಕ್ಕದಲ್ಲೇ ಬಿಗಿದಾಗ ಕೊನೆಯ ಪದರಕ್ಕೆ ಕೆಳಗೆ ಬಾಗಲು ಎಡೆಯಿರುವುದಿಲ್ಲ. ಬಾಗದ ಪದರ ಬಿಚ್ಚುವುದೂ ಇಲ್ಲ. ಮೇಲಿನ ಸೂತ್ರ ಆಸರೆಯಿಲ್ಲದ ಶೀಟಿನದ್ದು. ಆಸರೆ ಬಿಗಿಯಾಗಿದ್ದರೆ 9 ಕೆ.ಜಿ.ಯ ಗಡಿ ಇನ್ನೂ ಮೇಲೇರುತ್ತದೆ.

ಅಂಚಿನಿಂದ ತೂತಿನ ನಡುವಿಗೆ ತೂತಿನ ವ್ಯಾಸದ ಮೂರು ಪಟ್ಟು, ತೂತಿನಿಂದ ತೂತಿಗೆ ನಾಲ್ಕು ಪಟ್ಟಾದರೂ ಅಂತರವಿರಲಿ. 6 ಮಿ.ಮೀ.ಗೆ ಇದು ಕ್ರಮವಾಗಿ 18 ಮತ್ತು 24 ಮಿ.ಮೀ. ಕೊರೆದ ಮೇಲೆ ತೂತಿನ ಒಳಗೋಡೆಗೆ ತೆಳ್ಳಗೆ ಎಪಾಕ್ಸಿ ಸವರಿದರೆ ತೆರೆದ ನಾರು ನೀರು ಹೀರುವುದಿಲ್ಲ.

ಪುಡಿಯ ವಿಚಾರ

ಕಪ್ಪು ಹಿಟ್ಟನ್ನು ಕಂಪ್ರೆಸರ್ ಗಾಳಿಯಿಂದ ಊದಬಾರದು. ಅದು ಉಸಿರಿಗೆ ಸೇರುತ್ತದೆ, ಚರ್ಮಕ್ಕೆ ತುರಿಕೆ ತರುತ್ತದೆ. ಎನ್95 ಮಾಸ್ಕು, ಕನ್ನಡಕ, ಪೂರ್ತಿ ತೋಳಿನ ಅಂಗಿ ಬೇಕು. ಬಿಟ್‌ನ ಪಕ್ಕದಲ್ಲಿ ವ್ಯಾಕ್ಯೂಮಿನ ಬಾಯಿ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು. ವೆಲ್ಡಿಂಗ್ ಅಂಗಡಿಗೆ ಇನ್ನೊಂದು ಎಚ್ಚರವೂ ಇದೆ. ಈ ಹಿಟ್ಟು ವಿದ್ಯುತ್ ಹಾಯಿಸುತ್ತದೆ. ಡ್ರಿಲ್ಲಿನ ಗಾಳಿಕಿಂಡಿಯಿಂದ ಒಳಸೇರಿದರೆ ಮೋಟಾರು ಶಾರ್ಟ್ ಆಗಬಹುದು. ಸ್ವಿಚ್ ಬೋರ್ಡ್, ಬ್ಯಾಟರಿ ಚಾರ್ಜರುಗಳ ಹತ್ತಿರ ಈ ಕೆಲಸ ಬೇಡ.

ಬಿಸಿಲು ಮತ್ತು ಬೋಲ್ಟು

ತೂತು ಚೆನ್ನಾಗಿ ಬಂದ ಮೇಲೂ ಈ ಸೀಮೆಯಲ್ಲಿ ಒಂದು ಪ್ರಶ್ನೆ ಉಳಿಯುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರದ ಹಗಲು 40 ಡಿಗ್ರಿ ದಾಟುತ್ತದೆ. ಬಯಲಲ್ಲಿ ನಿಂತ ಕಾರಿನ ಕಪ್ಪು ಮೈ 70 ಡಿಗ್ರಿಯನ್ನೂ ಮೀರಬಲ್ಲದು. ಕೋಣೆಯ ಉಷ್ಣತೆಯಲ್ಲೇ ಗಟ್ಟಿಯಾಗುವ ಎಪಾಕ್ಸಿಗಳು ಹೆಚ್ಚಾಗಿ 60ರಿಂದ 80 ಡಿಗ್ರಿಯ ನಡುವೆ ಮೆತ್ತಗಾಗತೊಡಗುತ್ತವೆ. ಬಿಗಿದ ಬೋಲ್ಟಿನ ಕೆಳಗೆ ಎಪಾಕ್ಸಿ ಮೆತ್ತಗಾದರೆ ಶೀಟು ಅಲ್ಲಿ ತೆಳುವಾಗುತ್ತದೆ, ಸಂಜೆ ತಂಪಾದಾಗ ನಟ್ಟು ಸಡಿಲ. ಬೆಂಗಳೂರಿನ ಹವೆಯಲ್ಲಿ ಕಾಣಿಸದ ದೋಷ ಇಲ್ಲಿ ಒಂದೇ ಬೇಸಿಗೆಯಲ್ಲಿ ಕಾಣಿಸಬಹುದು. ಶೀಟು ಕೊಳ್ಳುವಾಗ ಅದು ಎಷ್ಟು ಡಿಗ್ರಿಯಲ್ಲಿ ಬೇಯಿಸಿದ್ದು ಎಂದು ವಿಚಾರಿಸಿ, 120 ಡಿಗ್ರಿಯದ್ದನ್ನು ಆರಿಸಿಕೊಳ್ಳಬೇಕು. ಅಗಲವಾದ ವಾಷರ್ ಹಾಕಿ, ತೂತಿನೊಳಗೆ ಶೀಟಿನಷ್ಟೇ ಎತ್ತರದ ಲೋಹದ ಬುಶ್ ಕೂಡಿಸಿದರೆ ಬೋಲ್ಟಿನ ಬಿಗಿತವನ್ನು ಬುಶ್ ಹೊರುತ್ತದೆ.

ಕಾರ್ಬನ್ ಶೀಟು ಬಿಸಿಗೆ ಹಿಗ್ಗುವುದು ಅತ್ಯಲ್ಪ, ಉಕ್ಕು ಹಿಗ್ಗುತ್ತದೆ. ಒಂದು ಮೀಟರ್ ಉದ್ದದ ಉಕ್ಕಿನ ಚೌಕಟ್ಟು 50 ಡಿಗ್ರಿ ಏರಿಕೆಗೆ 0.6 ಮಿ.ಮೀ. ಬೆಳೆಯುತ್ತದೆ. ಅದರ ಮೇಲೆ ಕೂಡಿಸಿದ ಶೀಟಿನ ಒಂದು ತುದಿಯ ತೂತನ್ನು ಬಿಗಿಯಾಗಿಟ್ಟು, ಇನ್ನೊಂದು ತುದಿಯದನ್ನು ಉದ್ದುದ್ದಕ್ಕೆ ತುಸು ಅಗಲಿಸಬೇಕು. ಗ್ಯಾರೇಜುಗಳಲ್ಲಿ ಸುಲಭವಾಗಿ ಸಿಗುವ ಅಲ್ಯೂಮಿನಿಯಂ ಪಾಪ್ ರಿವೆಟ್ ಇಲ್ಲಿ ಎರಡು ಕಾರಣಕ್ಕೆ ಬೇಡ. ಅದು ತೂತಿನೊಳಗೆ ಉಬ್ಬಿ ಪದರ ಸೀಳುತ್ತದೆ. ಕಾರ್ಬನ್ನಿಗೆ ತಾಗಿ ನೀರು ಬಿದ್ದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಸ್ಟೇನ್‌ಲೆಸ್ ಬೋಲ್ಟು ಮೇಲು.

ಎಲ್ಲಿ ಬಳಸಬಾರದು

ಸ್ವಿಚ್ ಫಲಕ, ಡ್ಯಾಶ್‌ಬೋರ್ಡಿನ ಹೊದಿಕೆ, ಬ್ಯಾಟರಿಯ ಮುಚ್ಚಳ, ಏರ್ ಫಿಲ್ಟರಿನ ಕವಚ ಇಂಥವಕ್ಕೆ ಮಾತ್ರ ಈ ಟಿಪ್ಪಣಿ ಅನ್ವಯ. ಸೀಟು, ಬೆಲ್ಟು, ಸ್ಟಿಯರಿಂಗ್, ಬ್ರೇಕು, ಸಸ್ಪೆನ್ಶನ್‌ಗೆ ಸೇರಿದ ಯಾವ ಭಾಗವನ್ನೂ ಮನೆಯಲ್ಲಿ ಮಾಡಬಾರದು. ಪದರದೊಳಗಿನ ಬಿರುಕು ಹೊರಗೆ ಕಾಣುವುದಿಲ್ಲ. ಉಕ್ಕಿನಂತೆ ಮೊದಲು ಬಾಗಿ ಮುನ್ಸೂಚನೆ ಕೊಡುವುದೂ ಇಲ್ಲ. ಕಾನೂನಿನ ಗೆರೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ 182ಎ ಕಲಮು ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸಜೆಗೆ ಎಡೆಮಾಡಿದೆ. ರಸ್ತೆಗಿಳಿಯದ ಸ್ಪರ್ಧೆಯ ವಾಹನದ ಮಾತು ಬೇರೆ.

ನಿರ್ಣಯ

ಮೂರು ಅಂಕೆಗಳು ಇಡೀ ಚರ್ಚೆಯನ್ನು ಹಿಡಿದಿಡುತ್ತವೆ: ಕೈಯ ಒತ್ತು 5 ಕೆ.ಜಿ., ಎರಡು ಮಿ.ಮೀ. ಶೀಟಿಗೆ ಸುಮಾರು 3 ಸೆಕೆಂಡು, ಮೊದಲು 2 ಮಿ.ಮೀ. ಆಮೇಲೆ 6 ಮಿ.ಮೀ. ಬಿಟ್. ಇವು ಲೆಕ್ಕದಿಂದ ಬಂದವು, ಬೇರೆ ದಪ್ಪ, ಬೇರೆ ಎಪಾಕ್ಸಿಗೆ ಬದಲಾಗುತ್ತವೆ. ಇವನ್ನು ಒರೆಗೆ ಹಚ್ಚುವುದು ಕಷ್ಟವಲ್ಲ. ಒಂದೇ ರದ್ದಿ ಶೀಟಿನ ಮೇಲೆ ಹಲಗೆಯ ಆಸರೆ ಇಟ್ಟು ಒಂದು ಸಾಲು, ಇಡದೆ ಒಂದು ಸಾಲು ತೂತು ಕೊರೆದು, ಪ್ರತಿಯೊಂದಕ್ಕೂ ಮುಳ್ಳು ತೋರಿಸಿದ ತೂಕ ಮತ್ತು ಹಾನಿಯ ಅನುಪಾತವನ್ನು ಬರೆದಿಟ್ಟರೆ ಸಾಕು. ಅನುಪಾತ ಏರತೊಡಗುವ ತೂಕ ಯಾವುದೋ, ಆ ಶೀಟಿಗೆ, ಆ ಬಿಟ್‌ಗೆ ಅದೇ ಮಿತಿ. ಕಾರಿನ ಭಾಗಕ್ಕೆ ಬಿಟ್ ಇಡುವುದು ಆ ಪಟ್ಟಿ ಕೈಯಲ್ಲಿ ಬಂದ ನಂತರ.